ಬಾಗಿಲಿಗೆ ಮೊದಲು ಬರಬೇಕಾದವರು ಯಾರು?

2024ರ ಮಾರ್ಚ್ 27ರಂದು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿರುವ ಓಝೋನ್ ಪಾರ್ಕ್ ಬಡಾವಣೆಯ ಮನೆಯೊಂದರಿಂದ 911ಕ್ಕೆ ಕರೆ ಹೋಯಿತು. ಬಾಂಗ್ಲಾದೇಶದಿಂದ ವಲಸೆ ಬಂದ ಕುಟುಂಬದ 19 ವರ್ಷದ ತರುಣ ವಿನ್ ರೊಜಾರಿಯೋ, ಮನಸ್ಸಿನ ಯಾತನೆ ತಾಳಲಾರದೆ ತಾನೇ ನೆರವು ಕೋರಿ ಮಾಡಿದ ಕರೆಯದು. ಮನೆಗೆ ಬಂದವರು ವೈದ್ಯರಲ್ಲ, ಪೊಲೀಸರು. ತರುಣ ಕತ್ತರಿಯೊಂದನ್ನು ಎತ್ತಿಕೊಂಡ. ಪೊಲೀಸರು ಟೇಸರ್ ಪ್ರಯೋಗಿಸಿದರು. ತಾಯಿ ಮಗನನ್ನು ತಬ್ಬಿ ಹಿಡಿದಳು. ಕೆಲವೇ ನಿಮಿಷಗಳಲ್ಲಿ, ತಾಯಿ ಮತ್ತು ತಮ್ಮನ ಎದುರಿನಲ್ಲೇ, ಆತ ಪೊಲೀಸರ ಗುಂಡಿಗೆ ಬಲಿಯಾದ.

ಇದನ್ನು ಒಂದು ದಿನದ ಅಥವಾ ಒಬ್ಬ ಅಧಿಕಾರಿಯ ಪ್ರಮಾದವೆಂದು ಬದಿಗಿಡಲಾಗದು. 2016ರ ಅಕ್ಟೋಬರಿನಲ್ಲಿ ಅದೇ ನಗರದ ಬ್ರಾಂಕ್ಸ್‌ನಲ್ಲಿ ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದ 66 ವರ್ಷದ ಡೆಬೊರಾ ಡ್ಯಾನರ್ ತಮ್ಮ ಮನೆಯೊಳಗೇ ಪೊಲೀಸರ ಗುಂಡಿಗೆ ಸತ್ತರು. ತಮ್ಮಂಥ ರೋಗಿಗಳು ಪೊಲೀಸರ ಕೈಯಲ್ಲಿ ಸಾಯುವ ಅಪಾಯದ ಕುರಿತು ಅವರು ನಾಲ್ಕು ವರ್ಷ ಮೊದಲೇ ಪ್ರಬಂಧವೊಂದರಲ್ಲಿ ಬರೆದಿದ್ದರು. ಗುಂಡು ಹಾರಿಸಿದ ಸಾರ್ಜೆಂಟ್ 2018ರಲ್ಲಿ ಖುಲಾಸೆಗೊಂಡರು. 2020ರ ಮಾರ್ಚ್‌ನಲ್ಲಿ ರೋಚೆಸ್ಟರ್ ನಗರದಲ್ಲಿ ಡೇನಿಯಲ್ ಪ್ರೂಡ್ ಅವರಿಗಾಗಿ 911ಕ್ಕೆ ಕರೆ ಮಾಡಿದವರು ಅವರ ಸ್ವಂತ ಅಣ್ಣ. ಅಲ್ಲಿ ಗುಂಡು ಹಾರಲಿಲ್ಲ. ತಲೆಗೆ ಮುಸುಕು ಹಾಕಿ, ಕೊರೆಯುವ ಚಳಿಯಲ್ಲಿ ಬೆತ್ತಲೆ ಮೈಯನ್ನು ರಸ್ತೆಗೆ ಅದುಮಿ ಹಿಡಿಯಲಾಯಿತು. ಕೆಲವು ದಿನಗಳ ಬಳಿಕ ಅವರು ತೀರಿಕೊಂಡರು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2015ರಿಂದ ಕಲೆಹಾಕಿದ ಮಾಹಿತಿಯ ಪ್ರಕಾರ, ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತವರಲ್ಲಿ ಸುಮಾರು ಐವರಲ್ಲಿ ಒಬ್ಬರು ಮಾನಸಿಕ ಅಸ್ವಸ್ಥತೆ ಇದ್ದವರು.

ಇಂಥ ಸಾವುಗಳು ಸಂಭವಿಸಿದಾಗಲೆಲ್ಲ ಆಳುವವರ ಬಾಯಿಂದ ಬರುವ ಉತ್ತರ ಒಂದೇ: ಪೊಲೀಸರಿಗೆ ಇನ್ನಷ್ಟು ತರಬೇತಿ. ಮೆಂಫಿಸ್ ನಗರದಲ್ಲಿ 1988ರಲ್ಲೇ ಆರಂಭವಾದ 40 ಗಂಟೆಗಳ ವಿಶೇಷ ತರಬೇತಿ ಇಂದು ದೇಶದಾದ್ಯಂತ ಹಬ್ಬಿದೆ. ಅದು ನಿರರ್ಥಕವೆಂದು ಹೇಳಲಾಗದು. ಆದರೆ ಮೂಲ ಸಮಸ್ಯೆಯನ್ನು ಅದು ಮುಟ್ಟುವುದಿಲ್ಲ. ಆಜ್ಞೆ ಕೊಡುವುದು, ಪಾಲನೆಯನ್ನು ನಿರೀಕ್ಷಿಸುವುದು, ಪಾಲಿಸದಿದ್ದರೆ ಬಲ ಪ್ರಯೋಗಿಸುವುದು ಪೊಲೀಸ್ ವೃತ್ತಿಯ ಕ್ರಮ. ಕಿವಿಯಲ್ಲಿ ಬೇರೆಯೇ ದನಿಗಳು ಮೊಳಗುತ್ತಿರುವವನಿಗೆ, ಭೀತಿಯಿಂದ ತತ್ತರಿಸುತ್ತಿರುವವನಿಗೆ, ಕಿರುಚಿ ಕೊಟ್ಟ ಆಜ್ಞೆ ಅರ್ಥವಾಗದು. ಆತ ಅನುಭವಿಸುತ್ತಿರುವ ರೋಗಲಕ್ಷಣವೇ ಪೊಲೀಸರ ಕಣ್ಣಿಗೆ ಅವಿಧೇಯತೆಯಾಗಿ ಕಾಣುತ್ತದೆ.

ಕೈಯಲ್ಲಿ ಆಯುಧವಿದ್ದರೆ ಬರಿಗೈಯ ಆರೋಗ್ಯ ಕಾರ್ಯಕರ್ತರನ್ನು ಕಳುಹಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೆಲವು ಸಂದರ್ಭಗಳಲ್ಲಿ ಪೊಲೀಸರು ಸಮೀಪದಲ್ಲಿ ಇರಬೇಕಾದೀತು. ಆದರೆ ಸಮೀಪದಲ್ಲಿ ಇರುವುದು ಬೇರೆ, ಬಂದೂಕು ಹಿಡಿದು ಮೊದಲು ಒಳನುಗ್ಗುವುದು ಬೇರೆ. ಅಂತರ ಕಾಯ್ದುಕೊಂಡು, ಸಮಯ ಕೊಟ್ಟು, ಒಬ್ಬರೇ ಮೆಲುದನಿಯಲ್ಲಿ ಮಾತನಾಡಿದರೆ ಉದ್ವೇಗ ತಗ್ಗುವ ಸಾಧ್ಯತೆಯಿರುತ್ತದೆ. ಎಷ್ಟೋ ಮನೆಗಳಲ್ಲಿ ಆಯುಧ ಕೈಗೆ ಬರುವುದೇ ಸಮವಸ್ತ್ರ ಕಂಡ ಮೇಲೆ.

ಪರ್ಯಾಯ ಬರಿಯ ಕನಸಲ್ಲ. ಡೆನ್ವರ್ ನಗರ 2020ರ ಜೂನಿನಿಂದ ಇಂಥ ಕರೆಗಳಿಗೆ ಪೊಲೀಸರ ಬದಲು ಮಾನಸಿಕ ಆರೋಗ್ಯ ತಜ್ಞರನ್ನೂ ತುರ್ತು ವೈದ್ಯಕೀಯ ಸಿಬ್ಬಂದಿಯನ್ನೂ ಕಳುಹಿಸುತ್ತಿದೆ. ಮೊದಲ ಆರು ತಿಂಗಳ 748 ಕರೆಗಳಲ್ಲಿ ಒಂದೂ ಬಂಧನವಾಗಲಿಲ್ಲ. ಆದರೆ ಇಂಥ ವ್ಯವಸ್ಥೆ ಹಣವಿಲ್ಲದೆ ಉಳಿಯದು. ಆರೆಗನ್ ರಾಜ್ಯದ ಯೂಜೀನ್ ನಗರದಲ್ಲಿ 1989ರಿಂದ ನಡೆದುಬಂದ, ದೇಶಕ್ಕೇ ಮಾದರಿಯಾಗಿದ್ದ 'ಕಹೂಟ್ಸ್' ಸೇವೆ ಆರ್ಥಿಕ ಸಂಕಷ್ಟದಿಂದಾಗಿ 2025ರ ಏಪ್ರಿಲಿನಲ್ಲಿ ಅಲ್ಲಿ ನಿಂತೇಹೋಯಿತು. ನ್ಯೂಯಾರ್ಕ್ 2021ರಲ್ಲಿ ಇಂಥದೇ ಯೋಜನೆ ಆರಂಭಿಸಿದರೂ ಅದನ್ನು ನಗರದ ಕೆಲವು ಭಾಗಗಳಿಗಷ್ಟೇ ಸೀಮಿತಗೊಳಿಸಿತು.

ಈ ವಿಚಾರ ತಮಗೆ ಸಂಬಂಧಿಸಿದ್ದಲ್ಲ ಎಂದು ಅಮೆರಿಕದ ಕನ್ನಡಿಗರು ಭಾವಿಸುವಂತಿಲ್ಲ. ಕಪ್ಪು ಜನರು ದಶಕಗಳಿಂದ ಹೊತ್ತ ಈ ನೋವು ಓಝೋನ್ ಪಾರ್ಕಿನಲ್ಲಿ ದಕ್ಷಿಣ ಏಷ್ಯಾದ ಮನೆಯೊಂದರ ಹೊಸ್ತಿಲನ್ನೂ ದಾಟಿತು. ಮಗಳ ಖಿನ್ನತೆಯನ್ನು 'ಓದಿನ ಒತ್ತಡ' ಎನ್ನುವ, ಮಗನ ಕಾಯಿಲೆಯನ್ನು ನಾಳೆಯ ಮದುವೆ ಸಂಬಂಧಕ್ಕೆ ಹೆದರಿ ಬಚ್ಚಿಡುವ, ವೀಸಾಕ್ಕೆ ತೊಡಕಾದೀತೆಂದು ವೈದ್ಯರ ಬಳಿಗೇ ಹೋಗದ ಕುಟುಂಬಗಳು ನಮ್ಮವರಲ್ಲಿ ವಿರಳವಲ್ಲ. ಹೀಗೆ ವರ್ಷಗಟ್ಟಲೆ ಮುಚ್ಚಿಟ್ಟದ್ದು ಒಂದು ರಾತ್ರಿ ಸ್ಫೋಟಿಸಿದಾಗ, ಗಾಬರಿಗೊಂಡ ಕೈ ಒತ್ತುವುದು 911ನ್ನೇ.

2022ರ ಜುಲೈಯಿಂದ ಜಾರಿಯಲ್ಲಿರುವ 988 ಸಹಾಯವಾಣಿಯ ಸಂಖ್ಯೆ ಪ್ರತಿ ಮನೆಯಲ್ಲೂ ತಿಳಿದಿರಬೇಕು. ಅಪಾಯ ಸನ್ನಿಹಿತವೆನಿಸಿದಾಗ ಅಲ್ಲಿಂದಲೂ ಪೊಲೀಸರಿಗೆ ಸುದ್ದಿ ಹೋಗಬಹುದೆಂಬುದೂ ತಿಳಿದಿರಬೇಕು. ತಮ್ಮ ಊರಿನಲ್ಲಿ 911ಕ್ಕೆ ಕರೆ ಮಾಡಿದರೆ ಯಾರು ಬರುತ್ತಾರೆ, ಆರೋಗ್ಯ ತಂಡವಿದೆಯೇ, ಅದು ರಾತ್ರಿಯೂ ದುಡಿಯುತ್ತದೆಯೇ ಎಂಬುದನ್ನು ಕುಟುಂಬಗಳು ಮೊದಲೇ ವಿಚಾರಿಸಿಡುವುದು ಒಳಿತು. ಕನ್ನಡ ಕೂಟಗಳು ರಾಜ್ಯೋತ್ಸವದ ವೇದಿಕೆಯಲ್ಲಿ ಒಂದು ಗಂಟೆಯನ್ನಾದರೂ ಈ ಮಾತಿಗೆ ಮೀಸಲಿಡಲಿ. ಮತದಾನದ ಹಕ್ಕುಳ್ಳವರು ನಗರಸಭೆಯ ಬಜೆಟ್ ಸಭೆಗಳಿಗೆ ಹೋಗಿ, ಆರೋಗ್ಯ ತಂಡಕ್ಕೆ ಎಷ್ಟು ಹಣ ತೆಗೆದಿಟ್ಟಿದ್ದೀರಿ ಎಂದು ಕೇಳಲಿ. ಮುಂದಿನ ಕರೆಗೆ ಯಾರು ಓಗೊಡುತ್ತಾರೆಂಬುದು ತೀರ್ಮಾನವಾಗುವುದು ಆ ಸಭೆಗಳಲ್ಲಿ.