ಸರಿಯ ಹದ

ಅನ್ನಪ್ರಾಶನದ ದಿನ ಕೂಸಿಗೆ ಬೆಳ್ಳಿ ಬಟ್ಟಲಲ್ಲಿ ಪಾಯಸ ನೆಕ್ಕಿಸುತ್ತೇವೆ. ಹಳೇ ಮೈಸೂರಿನ ಮನೆಗಳಲ್ಲಿ ಮಾರನೆಯ ದಿನದಿಂದ ಅದರ ಹೊಟ್ಟೆಗೆ ಬೀಳುವುದು ರಾಗಿ ಸರಿ. ಸರಿಹಿಟ್ಟು ಮಾಡುವುದು ತಾಳ್ಮೆಯ ಕೆಲಸ. ಕಲ್ಲು ಆರಿಸಿ ತೊಳೆದ ರಾಗಿಯನ್ನು ರಾತ್ರಿಯಿಡೀ ನೆನೆಹಾಕಿ, ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಬೇಕು. ಬಿಳಿ ಮೊಳಕೆ ನೂಲಿನ ಸಂದಿಯಲ್ಲಿ ಇಣುಕಿದಾಗ ಬಿಚ್ಚಿ, ನೆರಳಲ್ಲಿ ಒಣಗಿಸಿ, ಘಮ ಬರುವಷ್ಟೇ ಹುರಿದು ಬೀಸಬೇಕು. ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು ಹಿಟ್ಟನ್ನು ಅಂಗೈಯಲ್ಲಿ ತೀಡಿದರೆ ನುಣ್ಣನೆಯ ಪುಡಿ ಕೆಳಗಿಳಿದು, ತೌಡು ಮೇಲುಳಿಯುತ್ತದೆ.

ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಮೊಳಕೆ. ಜೀವಾಳ ಇರುವುದೇ ಅಲ್ಲಿ. ಮೊಳೆಯುವ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಮೊಳಕೆ ಕಟ್ಟದ ಹಿಟ್ಟು ಒಲೆಯ ಮೇಲೆ ಬೇಗ ಮುದ್ದೆಗಟ್ಟುತ್ತದೆ; ಕೂಸು ನುಂಗಲಾರದೆಂದು ತಾಯಿ ನೀರು ಬೆರೆಸುತ್ತಾಳೆ. ಆರೇಳು ಕಿಲೋ ತೂಗುವ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು 200 ಮಿಲಿಲೀಟರ್. ಅದರಲ್ಲಿ ನೀರೇ ತುಂಬಿಕೊಂಡರೆ ಮಗುವಿಗೆ ದಕ್ಕುವುದೇನು? ಮೊಳಕೆ ಹಿಟ್ಟಾದರೆ ಅಷ್ಟೇ ನೀರಿಗೆ ಹೆಚ್ಚು ಹಾಕಿದರೂ ಸರಿ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಗಟ್ಟಿ ಗಂಜಿಗೆ ಮೊಳಕೆ ಧಾನ್ಯದ ಹಿಟ್ಟನ್ನು ತುಸುವೇ ಬೆರೆಸಿ ಬರೋಡಾದ ಪೋಷಣಾ ವಿಜ್ಞಾನಿ ತಾರಾ ಗೋಪಾಲದಾಸ್ 1980ರ ದಶಕದಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ.

ಹಾಗೆಂದು ವರ್ಷ ತುಂಬುವವರೆಗೆ ಸರಿಯೊಂದನ್ನೇ ಉಣಿಸುವುದನ್ನು ನಾನು ಒಪ್ಪಲಾರೆ. ರಾಗಿಯಲ್ಲಿ ಸುಣ್ಣದಂಶ ಹೇರಳ, 100 ಗ್ರಾಂಗೆ 340 ಮಿಲಿಗ್ರಾಂಗೂ ಮಿಕ್ಕಿ. ಕಬ್ಬಿಣದ ಮಾತು ಬೇರೆ: ಕಾಳಿನಲ್ಲಿರುವ ಫೈಟಿಕ್ ಆಮ್ಲ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಈ ಅಡ್ಡಿಯನ್ನು ತಗ್ಗಿಸುತ್ತದೆ, ಪೂರ್ತಿ ಕಳೆಯುವುದಿಲ್ಲ. ತಾಯಿಯಿಂದ ಪಡೆದು ಬಂದ ಕಬ್ಬಿಣ ಮುಗಿಯುತ್ತ ಬರುವುದೂ ಆರನೆಯ ತಿಂಗಳ ಸುಮಾರಿಗೇ. ಎದೆಹಾಲಿನ ಜೊತೆಗೆ ಬೇಳೆ, ಕಿವುಚಿದ ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಮೀನು ಆಗಲೇ ಬರಬೇಕು. ಬೇಳೆ ಎಂದರೆ ಬೆಂದ ಬೇಳೆಯೇ. ಮೇಲಿನ ಕಟ್ಟು ಬಸಿದು ಕುಡಿಸಿದರೆ ಮತ್ತೆ ನೀರನ್ನೇ ಉಣಿಸಿದಂತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದುದು ನೂರಕ್ಕೆ ಹನ್ನೊಂದು ಮಕ್ಕಳಿಗೆ. ಇದನ್ನು ಓದಿ ಸುಮ್ಮನಿರುವುದು ನನಗೆ ಕಷ್ಟ.

ಮಗು ಮೊದಲ ತುತ್ತನ್ನು ನಾಲಿಗೆಯಿಂದ ಹೊರದಬ್ಬಿದರೆ ಅದು ಬೇಡವೆಂದಲ್ಲ, ನುಂಗುವುದು ಇನ್ನೂ ರೂಢಿಯಾಗಿಲ್ಲ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕೊಡಿ. ರುಚಿಗೆಂದು ಉಪ್ಪು, ಸಕ್ಕರೆ ಬೆರೆಸುವುದು ಬೇಡ. ಜೇನನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬೇಡಿ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಣಗಳನ್ನು ಎಳೆಗರುಳು ತಡೆಯಲಾರದು.