ಚುಕ್ಕಾಣಿ ಇಬ್ಬರ ಕೈಗೂ ಬರಬೇಕು



ಈ ಪಕ್ಷ ಬಂದ ಪತ್ರಗಳಲ್ಲಿ ಒಂದು ಪತ್ರ ಎರಡು ಮೂರು ದಿನ ನನ್ನ ತಲೆಯಿಂದ ಇಳಿಯಲೇ ಇಲ್ಲ. ಬರೆದವರು ನಮ್ಮ ಸೀಮೆಯವರೇ, ಒಬ್ಬ ತಾಯಿ. ಹೆಸರು, ಊರು ಬೇಡ ಎಂದಿದ್ದಾರೆ. ಅಳಿಯಂದಿರು ಬಹಳ ವರ್ಷ ಹಡಗಿನ ನೌಕರಿ ಮಾಡಿದವರು. ಮಗಳು ಗೋವಾದಲ್ಲಿ ಕೆಲಸದಲ್ಲಿದ್ದಾಳೆ. ಈಗ ಇಬ್ಬರೂ ಸೇರಿ ಇದ್ದ ಫ್ಲ್ಯಾಟು ಮಾರಿ, ಒಂದು ಹಾಯಿದೋಣಿ ಕೊಂಡು, ಅದರಲ್ಲೇ ಸಂಸಾರ ಹೂಡಿ ದೇಶ ದೇಶ ತಿರುಗುತ್ತಾರಂತೆ. “ನೆಲ ಬಿಟ್ಟು ನೀರಿನ ಮ್ಯಾಲ ಮನಿ ಮಾಡ್ತೀವಿ ಅಂತಾರ್ರೀ. ಮಂದಿ ಕೇಳಿದ್ರ ಏನಂತ ಹೇಳ್ಲಿ? ಬ್ಯಾಡ ಅನ್ಲಾ, ಹೂಂ ಅನ್ಲಾ?” ಎಂದು ಕೇಳಿದ್ದಾರೆ.

ನಮ್ಮ ಚಂದಾಪುರ, ಚಿಂಚೋಳಿ ಕಡೆಯವರಿಗೆ ಸಮುದ್ರದ ಮಾತು ದೂರದ ಮಾತು. ನಮಗೆ ನೀರೆಂದರೆ ಮುಲ್ಲಾಮಾರಿ ಹೊಳೆ, ಚಂದ್ರಂಪಳ್ಳಿ ಡ್ಯಾಮು. ಆದರೆ ಮುಲ್ಲಾಮಾರಿ ಕಾಗಿಣಾಕ್ಕೆ ಸೇರುತ್ತದೆ, ಕಾಗಿಣಾ ಮಳಖೇಡದ ಕೋಟೆ ದಾಟಿ ಭೀಮೆಗೆ ಸೇರುತ್ತದೆ, ಭೀಮೆ ಕೃಷ್ಣೆಗೆ. ಕೊನೆಗೆ ಹೋಗಿ ಮುಟ್ಟುವುದು ಸಮುದ್ರವನ್ನೇ ಅಲ್ಲವೇ? ನಮ್ಮ ನೀರು ಹೋದ ಕಡೆಗೆ ನಮ್ಮ ಮಕ್ಕಳೂ ಹೊರಟರೆ ಗಾಬರಿ ಬೀಳುವ ಮೊದಲು ಅದೇನೆಂದು ತಿಳಿದುಕೊಳ್ಳೋಣ.

“ಹೆಣ್ಣುಮಕ್ಕಳಿಗೆ ಸಮುದ್ರ ಯಾಕ ಬೇಕು” ಎನ್ನುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಸುಮಾರು 17 ಮೀಟರ್ ಉದ್ದದ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು, ಭೂಮಿಯನ್ನೇ ಸುತ್ತಿ, 2018ರ ಮೇ 21ರಂದು ಗೋವಾಕ್ಕೆ ಮರಳಿದರು. ವರ್ತಿಕಾ ಜೋಶಿ ಅವರ ನಾಯಕಿ. ಆರರಲ್ಲಿ ಒಬ್ಬಳು, ಐಶ್ವರ್ಯಾ ಬೊಡ್ಡಪಾಟಿ, ನಮಗೆ ಬಸ್ಸಿನ ದಾರಿಯ ಹೈದರಾಬಾದಿನ ಹುಡುಗಿ. ಸಮುದ್ರವಿಲ್ಲದ ಊರಿನವಳು ಸಮುದ್ರ ಗೆದ್ದು ಬಂದಳು ನೋಡಿ. ಅದೇ ತಾರಿಣಿಯಲ್ಲಿ 2024ರ ಅಕ್ಟೋಬರ್ 2ರಂದು ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಹೊರಟು, 2025ರ ಮೇ 29ರಂದು ತಿರುಗಿ ಬಂದರು. ತಾರಿಣಿಗಿಂತ ಮೊದಲು ಇಂಥದೇ ಇನ್ನೊಂದು ದೋಣಿ ಗೋವಾದಲ್ಲಿ ಕಟ್ಟಿದ್ದರು. ಅದರಲ್ಲಿ ದಿಲೀಪ್ ದೊಂದೆ ಅವರು 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿದರು. ಅದಕ್ಕೆ ಇಟ್ಟ ಹೆಸರು ‘ಮಾದೇಯಿ’. ಅಂದರೆ ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಹೊಳೆಯ ಹೆಸರೇ.

ಆದರೆ ಅವರ ಬೆನ್ನಿಗೆ ಇಡೀ ನೌಕಾಪಡೆ ಇತ್ತು. ಗಂಡ-ಹೆಂಡತಿ ಇಬ್ಬರೇ ಹೊರಟರೆ ಅವನಿಗೆ ಅವಳು, ಅವಳಿಗೆ ಅವನು. ಅಂಥ ಒಂದು ಜೋಡಿಯ ಕಥೆ ಹೇಳುತ್ತೇನೆ ಕೇಳಿ.

ಇಂಗ್ಲೆಂಡಿನ ಡರ್ಬಿ ಎಂಬ ಊರಿನಲ್ಲಿ ಮಾರಿಸ್ ಬೈಲಿ ಮತ್ತು ಮಾರಲಿನ್ ಬೈಲಿ ಎಂಬ ದಂಪತಿ ಇದ್ದರು. ಶ್ರೀಮಂತರೇನಲ್ಲ. ಆತ ಮುದ್ರಣಾಲಯದಲ್ಲಿ ಗುಮಾಸ್ತ, ಆಕೆ ತೆರಿಗೆ ಕಚೇರಿಯಲ್ಲಿ. ಮನೆ ಮಾರಿ ದೋಣಿ ಕೊಳ್ಳೋಣ ಎಂಬ ಮಾತು ಮೊದಲು ಬಂದದ್ದು ಹೆಂಡತಿಯ ಬಾಯಿಂದ. ಆಕೆಗೆ ಈಜು ಕೂಡ ಬರುತ್ತಿರಲಿಲ್ಲ! ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಸಿ, ಮನೆ ಮಾರಿ, ಸುಮಾರು 31 ಅಡಿ ಉದ್ದದ ದೋಣಿ ಮಾಡಿಕೊಂಡರು. ಇಬ್ಬರ ಹೆಸರಿನ ತುಂಡು ಕೂಡಿಸಿ ಅದಕ್ಕೆ ‘ಆರಲಿನ್’ ಎಂದು ಹೆಸರಿಟ್ಟರು. 1972ರ ಜೂನ್‌ನಲ್ಲಿ ನ್ಯೂಜಿಲೆಂಡ್ ಮುಟ್ಟುವ ಆಸೆಯಿಂದ ಹೊರಟರು. ಯಾರ ಗೊಡವೆಯೂ ಬೇಡವೆಂದು ದೋಣಿಯಲ್ಲಿ ರೇಡಿಯೋ ಸಂದೇಶ ಕಳಿಸುವ ಯಂತ್ರ ಇಟ್ಟಿರಲಿಲ್ಲ.

1973ರ ಮಾರ್ಚ್ 4ರಂದು ಬೆಳಿಗ್ಗೆ ಪೆಸಿಫಿಕ್ ಮಹಾಸಾಗರದಲ್ಲಿ ತಿಮಿಂಗಿಲ ಬಡಿದು ದೋಣಿ ಒಡೆಯಿತು. ಒಂದು ತಾಸಿನೊಳಗೆ ಮುಳುಗಿತು. ಕೈಗೆ ಸಿಕ್ಕ ಕೆಲವು ಡಬ್ಬಿ, ಸ್ವಲ್ಪ ಕುಡಿಯುವ ನೀರು ಹಿಡಿದುಕೊಂಡು, ಒಂದು ರಬ್ಬರ್ ತೆಪ್ಪ, ಒಂದು ರಬ್ಬರ್ ದೋಣಿ ಜೋಡಿಸಿ ಕಟ್ಟಿ ಕುಳಿತರು. ಎಷ್ಟು ದಿನ ಗೊತ್ತೇ? 117 ದಿನ! ಏಳು ಹಡಗುಗಳು ಇವರನ್ನು ಕಾಣದೆ ಹಾದು ಹೋದವು. ಹಿಡಿದ ಮೀನು, ಆಮೆ, ಹಕ್ಕಿ ಹಸಿಯಾಗಿಯೇ ತಿಂದು, ಮಳೆ ನೀರು ಕುಡಿದು ಬದುಕಿದರು. ಗಾಳ ಇರಲಿಲ್ಲ. ಮಾರಲಿನ್ ಸೇಫ್ಟಿ ಪಿನ್ ಬಗ್ಗಿಸಿ ಗಾಳ ಮಾಡಿದಳು! ನಮ್ಮ ಕೈಬಳೆಗೆ, ತಾಳಿಗೆ ಸಿಕ್ಕಿಸಿಕೊಂಡಿರುವ ಅದೇ ಪಿನ್ನು. ಪುಸ್ತಕದ ಹಾಳೆ ಹರಿದು ಆಟದ ಎಲೆ ಮಾಡಿದಳು. ಊರಿಗೆ ಹೋದ ಮೇಲೆ ಯಾರನ್ನು ಊಟಕ್ಕೆ ಕರೆಯಬೇಕು, ಏನೇನು ಅಡುಗೆ ಮಾಡಬೇಕು ಎಂದು ಪಟ್ಟಿ ಬರೆದಳು. ಮುಂದಿನ ದೋಣಿ ಹೇಗಿರಬೇಕೆಂಬ ಚಿತ್ರ ಕೂಡ ಬರೆದಾಯಿತು. ಗಂಡ ಧೈರ್ಯಗೆಟ್ಟಾಗ ಎತ್ತಿ ಕೂಡಿಸಿದವಳು ಅವಳೇ. ಜೂನ್ 30ರಂದು ದಕ್ಷಿಣ ಕೊರಿಯಾದ ಮೀನು ಹಿಡಿಯುವ ಹಡಗೊಂದು ಅವರನ್ನು ಕಂಡು ಎತ್ತಿಕೊಂಡಿತು.

ಇಷ್ಟಾದ ಮೇಲೆ “ಸಾಕಪ್ಪಾ ಸಾಕು” ಎಂದರೆಂದುಕೊಂಡಿರಾ? ಮತ್ತೊಂದು ದೋಣಿ ಮಾಡಿಕೊಂಡು ದಕ್ಷಿಣ ಅಮೆರಿಕದ ತುದಿಯ ಕಡೆಗೆ ಹೋಗಿಬಂದರು!

ಈ ಕಥೆ ಹೆದರಿಸಲಿಕ್ಕೆ ಹೇಳಿದ್ದಲ್ಲ. ಇಂದಿನ ದಿನಗಳಲ್ಲಿ ಆ ಗತಿ ಬರುವುದು ಕಡಿಮೆ. ಒಂದು ಚಿಕ್ಕ ಯಂತ್ರವಿದೆ. ಅಪಾಯ ಬಂದಾಗ ಅದನ್ನು ಚಾಲೂ ಮಾಡಿದರೆ ಸಂಕೇತ ಉಪಗ್ರಹಕ್ಕೆ ಮುಟ್ಟಿ, ಅಲ್ಲಿಂದ ರಕ್ಷಣೆ ಮಾಡುವವರಿಗೆ ಸುದ್ದಿ ಹೋಗುತ್ತದೆ. ನಮ್ಮ ದೇಶದಲ್ಲಿ ಆ ಸಂಕೇತಗಳನ್ನು ನೋಡಿಕೊಳ್ಳುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ, ಇಸ್ರೋ ಸಂಸ್ಥೆಯಲ್ಲಿದೆ. 2018ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿ ಒಬ್ಬರೇ ಹಿಂದೂ ಮಹಾಸಾಗರದಲ್ಲಿದ್ದಾಗ ಬಿರುಗಾಳಿಗೆ ಹಾಯಿಕಂಬ ಮುರಿದು ಬೆನ್ನಿಗೆ ಭಾರಿ ಪೆಟ್ಟಾಯಿತು. ಮೂರೇ ದಿನದಲ್ಲಿ ಫ್ರೆಂಚ್ ಹಡಗು ಬಂದು ಎತ್ತಿಕೊಂಡಿತು. 117 ದಿನ ಎಲ್ಲಿ, ಮೂರು ದಿನ ಎಲ್ಲಿ! ಆದ್ದರಿಂದ ತಾಯಿಯಾದವರು ಕೇಳಬೇಕಾದ ಮೊದಲ ಮಾತು ಇದು: “ಆ ಯಂತ್ರ ಐತೇನು? ರಬ್ಬರ್ ತೆಪ್ಪ ಐತೇನು? ಇಬ್ಬರಿಗೂ ಅದನ್ನ ನಡಸಾಕ ಬರ್ತದೇನು?”

ಇಬ್ಬರಿಗೂ ಎಂದೆ. ಗುಟ್ಟು ಇರುವುದೇ ಅಲ್ಲಿ. ಹಾಯಿದೋಣಿಯ ವೇಗ ಸಾಧಾರಣವಾಗಿ ಗಂಟೆಗೆ ಎಂಟು ಒಂಬತ್ತು ಕಿಲೋಮೀಟರು, ಸೈಕಲ್ಲಿಗಿಂತ ನಿಧಾನ. ಚಿಂಚೋಳಿಯಿಂದ ಕಲಬುರಗಿಗೆ ಹೋಗುವಷ್ಟು ದೂರಕ್ಕೆ ಬೆಳಿಗ್ಗೆ ಹೊರಟರೆ ಸಂಜೆಯಾಗುತ್ತದೆ. ಆದರೆ ನಡುಸಮುದ್ರದಲ್ಲಿ ರಾತ್ರಿ ನಿಲ್ಲಿಸಿ ಮಲಗಲಿಕ್ಕೆ ಬರುವುದಿಲ್ಲ. ಅಲ್ಲಿ ಲಂಗರು ನೆಲ ಮುಟ್ಟದಷ್ಟು ಆಳ. ದೊಡ್ಡ ಹಡಗು ಎದುರಿಗೆ ಬಂದೀತೆಂದು ಒಬ್ಬರು ಸದಾ ಎಚ್ಚರವಿರಬೇಕು. ಮೂರು ನಾಲ್ಕು ತಾಸಿನ ಪಾಳಿ. ಗಂಡ ಮಲಗಿದಾಗ ಹೆಂಡತಿಯೇ ಯಜಮಾನಿ. ಗಾಳಿ ಹೆಚ್ಚಿದರೆ ಹಾಯಿ ಇಳಿಸಬೇಕೇ, ದಿಕ್ಕು ತಿರುಗಿಸಬೇಕೇ ಎಂದು ಆಕೆಯೇ ನಿಶ್ಚಯಿಸಬೇಕು. “ನನಗ ಅಡುಗಿ ಅಷ್ಟ ಬರ್ತದ, ಉಳಿದದ್ದು ಅವರಿಗೇ ಗೊತ್ತು” ಎನ್ನುವ ಹೆಣ್ಣುಮಗಳು ದೋಣಿ ಏರಬಾರದು. “ನನಗ ಚಹಾ ಕಾಸ್ಲಿಕ್ಕೂ ಬರೂದಿಲ್ಲ” ಎನ್ನುವ ಗಂಡನೂ ಏರಬಾರದು.

ಇನ್ನು ದೋಣಿಯ ಅಡುಗೆಮನೆ. ನಮಗೆ ಅದನ್ನು ತಿಳಿಯದೆ ಸಮಾಧಾನವಿಲ್ಲ ತಾನೇ! ಲಿನ್ ಪಾರ್ಡಿ ಎಂಬಾಕೆ ಗಂಡ ಲ್ಯಾರಿಯೊಡನೆ ತಾವೇ ಕಟ್ಟಿದ, ಎಂಜಿನ್ನೇ ಇಲ್ಲದ 24 ಅಡಿ ದೋಣಿಯಲ್ಲಿ 1969ರಿಂದ 11 ವರ್ಷ ತಿರುಗಿದಳು. ಜಪಾನಿನಿಂದ ಕೆನಡಾಕ್ಕೆ 49 ದಿನ ಸಮುದ್ರ ದಾಟುವಾಗ ದಿನಾ ಏನು ಅಡುಗೆ, ಏನು ಉಳಿಯಿತು, ಏನು ಕೆಟ್ಟಿತು ಎಂದು ಬರೆದಿಟ್ಟು 1980ರಲ್ಲಿ ಪುಸ್ತಕವನ್ನೇ ಮಾಡಿದಳು.

ಅಲ್ಲಿಯ ಒಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ದೋಣಿ ಓಲಾಡಿದರೂ ಪಾತ್ರೆ ಮಟ್ಟಸವಾಗಿ ನಿಲ್ಲಲೆಂದು ಈ ಏರ್ಪಾಡು. ಅಡುಗೆ ಮಾಡುವವರು ಬೀಳದ ಹಾಗೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಸಿಹಿನೀರು ಬಂಗಾರ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಲ್ಲಿ ಎಲ್ಲ ಮುಗಿಸುವವರಿದ್ದಾರೆ. ಪಾತ್ರೆ ಸಮುದ್ರದ ನೀರಿನಲ್ಲಿ ತಿಕ್ಕಿ, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಗಲಬರಿಸುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ನಮಗೆ ಈ ಪಾಠ ಹೊಸದಲ್ಲ! ಡಬ್ಬಿಗಳ ಮೇಲಿನ ಕಾಗದ ಕಿತ್ತು, ಒಳಗೇನಿದೆ ಎಂದು ಬಣ್ಣದಲ್ಲಿ ಬರೆಯುತ್ತಾರೆ. ಇಲ್ಲದಿದ್ದರೆ ಕಾಗದ ನೆನೆದು ಕಳಚಿ, ನೀರು ಹೊರಹಾಕುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಉಳ್ಳಾಗಡ್ಡಿ, ಬಟಾಟಿ ಬೇರೆ ಬೇರೆ ಇಡುತ್ತಾರೆ. ಜೊತೆಗಿಟ್ಟರೆ ಬೇಗ ಮೊಳೆತು ಕೆಡುತ್ತವೆ.

ಗ್ಯಾಸಿನ ವಿಷಯ ಎಲ್ಲರೂ ಗಮನವಿಟ್ಟು ಓದಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರುವುದಿಲ್ಲ, ಕೆಳಗೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ದೋಣಿಯ ತಳದಲ್ಲಿ ತುಂಬಿದರೆ ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರನ್ನು ಹೊರಗಿನ ಗೂಡಿನಲ್ಲಿಟ್ಟು, ಸೋರಿದ ಅನಿಲ ಸಮುದ್ರದ ಕಡೆಗೆ ಹೋಗಲು ತಳದಲ್ಲಿ ತೂತು ಬಿಟ್ಟಿರುತ್ತಾರೆ. ನಮ್ಮ ಮನೆಯಲ್ಲೂ ವಾಸನೆ ಬಂದರೆ ಮೇಲಿನ ಕಿಟಕಿ ತೆರೆದರೆ ಸಾಲದು. ದೀಪದ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲನ್ನು ಪೂರ್ತಿ ತೆರೆಯಿರಿ.

ಆ ತಾಯಿಗೆ ಇನ್ನೊಂದು ಮಾತು: ಮಗಳ ಬುತ್ತಿಯ ಚಿಂತೆ ಬೇಡ. ದೋಣಿಗೆ ನಮ್ಮ ಖಡಕ್ ರೊಟ್ಟಿಯಂಥ ಬುತ್ತಿ ಇನ್ನೊಂದಿಲ್ಲ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಎರಡೂ ಮಗ್ಗುಲು ಬೇಯಿಸಿ, ಮತ್ತೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಹಪ್ಪಳದಂತೆ ಗರಿಗರಿಯಾಗಿಸಬೇಕು. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಸಮುದ್ರದ ತೇವದ ಗಾಳಿ ತಾಗಿದರೆ ಮೆತ್ತಗಾಗುತ್ತದೆ, ಆಗ ಹಂಚಿನ ಮೇಲೆ ಬೆಚ್ಚಗೆ ಮಾಡಿದರೆ ಸಾಕು. ಜೊತೆಗೆ ಶೇಂಗಾ ಹಿಂಡಿ: ಹುರಿದು ಸಿಪ್ಪೆ ತೆಗೆದ ಶೇಂಗಾಕ್ಕೆ ಒಣ ಖಾರ, ಜೀರಿಗೆ, ಉಪ್ಪು ಹಾಕಿ ಕುಟ್ಟಿ. ಬಹಳ ದಿನ ಇಡಬೇಕಾದರೆ ಬಳ್ಳೊಳ್ಳಿ ಬೇಡ.

ಈಗ ಸಲಹೆಗೆ ಬರುತ್ತೇನೆ. ‘ಬೇಡ’ ಎನ್ನಬೇಡಿ, ‘ಹೂಂ’ ಎಂದೂ ಒಮ್ಮೆಲೇ ಅನ್ನಬೇಡಿ. ಮಗಳನ್ನು ಒಬ್ಬಳನ್ನೇ ಹತ್ತಿರ ಕೂಡಿಸಿಕೊಂಡು ಕೇಳಿ: “ಇದು ನಿನ್ನ ಮನಸ್ಸೂ ಹೌದೇನವ್ವಾ, ಇಲ್ಲಾ ಅವರಿಗೋಸ್ಕರ ಹೂಂ ಅಂದೀಯೇನು?” ಮಾರಲಿನ್ 117 ದಿನ ತಡೆದದ್ದು ಅದು ಅವಳದೂ ಆಸೆಯಾಗಿತ್ತೆಂದು. ಒಲ್ಲದ ಮನಸ್ಸಿನಿಂದ ಏರಿದವರಿಗೆ ಏಳು ದಿನವೂ ಭಾರ. ಎರಡನೆಯದು, ಫ್ಲ್ಯಾಟು ಮಾರುವ ಮೊದಲು ಕಲಿಯಲಿ. ಹೈದರಾಬಾದಿನ ಹುಸೇನ್ ಸಾಗರದಲ್ಲೂ ಹಾಯಿದೋಣಿ ಕಲಿಸುತ್ತಾರೆ, ಗೋವಾದಲ್ಲಂತೂ ಕೇಳಬೇಕಿಲ್ಲ. ಒಂದು ತಿಂಗಳು ಬೇರೆಯವರ ದೋಣಿಯಲ್ಲಿ ಇದ್ದು ನೋಡಲಿ. ಅಡ್ಡಾಡಲು ಜಾಗವಿಲ್ಲದ ಕಡೆ, ಸಿಟ್ಟು ಬಂದರೆ ತವರಿಗೆ ಹೋಗಲು ಬಸ್ಸಿಲ್ಲದ ಕಡೆ, ಇಬ್ಬರ ಸ್ವಭಾವ ಒಂದು ತಿಂಗಳಲ್ಲೇ ಗೊತ್ತಾಗುತ್ತದೆ. ಮೂರನೆಯದು ಹಣ. ದೋಣಿಯ ಬೆಲೆಯ ಹತ್ತರಲ್ಲಿ ಒಂದು ಪಾಲನ್ನು ಪ್ರತಿ ವರ್ಷ ರಿಪೇರಿಗೆ ತೆಗೆದಿಡಬೇಕೆಂದು ಅನುಭವಸ್ಥರ ಲೆಕ್ಕ. ಸಾಧ್ಯವಿದ್ದರೆ ಫ್ಲ್ಯಾಟು ಮಾರದೆ ಬಾಡಿಗೆಗೆ ಕೊಡಲಿ. ಮರಳಿ ಬಂದರೆ ಕಾಲೂರಲು ಒಂದು ಕಡೆ ಇರಬೇಕು. ನಾಲ್ಕನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಸಣ್ಣ ದೋಣಿಗೆ ತಕ್ಕದ್ದಲ್ಲ. ಆಗ ಹೊರಡುತ್ತೇವೆಂದರೆ ಮಾತ್ರ ಖಂಡಿತ ಬೇಡ ಎನ್ನಿ.

ಮಂದಿಯ ಮಾತು ಬಿಡಿ. ಅವರು ದೋಣಿಗೂ ಆಡುತ್ತಾರೆ, ಬಂಗಲೆಗೂ ಆಡುತ್ತಾರೆ.

ಉಳಿದ ನಾವೆಲ್ಲ ನೆಲದ ಮೇಲೇ ಸಂಸಾರ ಮಾಡುವವರು. ಆದರೆ ನಮ್ಮಲ್ಲಿ ಎಷ್ಟು ಜನರಿಗೆ ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿದೆ, ವಿಮೆಯ ಕಾಗದ ಯಾವ ಟ್ರಂಕಿನಲ್ಲಿದೆ, ಹೊಲದ ಪಹಣಿಯಲ್ಲಿ ಯಾರ ಹೆಸರಿದೆ, ಯಾರಿಗೆ ಎಷ್ಟು ಸಾಲ ಕೊಡಬೇಕು ಎಂಬುದು ಗೊತ್ತಿದೆ? ಯಜಮಾನರು ನಾಲ್ಕು ದಿನ ಹಾಸಿಗೆ ಹಿಡಿದರೆ ಮನೆಯ ದೋಣಿ ನಮ್ಮ ಕೈಯಲ್ಲಿ ನೆಟ್ಟಗೆ ನಡೆದೀತೇ? ನಾವು ನಾಲ್ಕು ದಿನ ಮಲಗಿದರೆ ಅವರಿಗೆ ಒಂದು ಬೇಳೆ ಬೇಯಿಸಲು ಬಂದೀತೇ? ಈ ಭಾನುವಾರ ಊಟವಾದ ಮೇಲೆ ಇಬ್ಬರೂ ಕೂತು, ಟ್ರಂಕು ತೆರೆದು, ಆ ಕಾಗದಗಳನ್ನು ಒಂದೊಂದಾಗಿ ನೋಡಿ. ನೋಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲಿನ ಚಹಾ ಅವರೇ ಕಾಸಲಿ.