ಗೋಡೆಯ ಮೇಲೆ ಅಜ್ಜಿಯ ಕಸೂತಿ

ಮಕ್ಕಳೇ, ನಮ್ಮ ನೇಸರಗಿ ಕಡೆಯ ಹಳೇ ಟ್ರಂಕಿನಲ್ಲಿ ಹರಿದ ಇಳಕಲ್ ಸೀರೆ ಸಿಕ್ಕರೆ, ಸೆರಗು ಬಿಚ್ಚಿ ನೋಡಿ. ಗೋಪುರ, ತೇರು, ಆನೆ ಕಂಡರೆ ಅದು ಕಸೂತಿ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ 4 ಹೊಲಿಗೆಗಳಲ್ಲಿ, ಗಂಟು ಹಾಕದೆ, ಎಳೆ ಎಣಿಸಿ ಹಾಕಿದ್ದು.

ಅಜ್ಜಿಯನ್ನು ಕೇಳಿಯೇ ಆ ತುಂಡು ಕತ್ತರಿಸಿ. ಒಗೆದ ಹಳೇ ಧೋತರದ ಮೇಲಿಟ್ಟು ಅಂಚು ಹೊಲಿಯಿರಿ. ಧೋತರದ ಮೇಲಂಚು ಮಡಚಿ ಹೊಲಿದು, ಬಿದಿರ ಕಡ್ಡಿ ತೂರಿಸಿ, ದಾರ ಕಟ್ಟಿ ತೂಗುಹಾಕಿ. ಖರ್ಚು ಸೂಜಿ-ದಾರದ್ದಷ್ಟೇ. ಅಂಟು ಹಚ್ಚಿದರೆ ಕಲೆಯಾಗುತ್ತದೆ. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ.

ನಮ್ಮ ಮನೆಯಲ್ಲೊಂದು ಕಸೂತಿಯ ತೇರಿದೆ. ಅದನ್ನು ಹಾಕಿದವರು ಯಾರೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಅಜ್ಜ-ಅಜ್ಜಿಯರೇ, ನೀವು ಹೆಸರು ಹೇಳಿ. ಮೊಮ್ಮಕ್ಕಳು ಅದನ್ನು ಹಿಂಬದಿಯಲ್ಲಿ ದಾರದಿಂದ ಹೊಲಿದಿಡಲಿ.